ಆಡಿನ ಮರಿ ತಿಂದ ಅಳತೆ

ಆಗ ನಮ್ಮ ಜೈನಾಪುರದಲ್ಲಿ ಅಡುಗೆ ಎಂದರೆ ಕುಳಿತು ಮಾಡುವ ಕೆಲಸ. ಒಲೆ ನೆಲದ ಮೇಲೆ, ರೊಟ್ಟಿ ಬಡಿಯುವ ಕಲ್ಲು ನೆಲದ ಮೇಲೆ, ಹಿಟ್ಟಿನ ಡಬ್ಬಿ ಅವ್ವನ ಮೊಣಕಾಲ ಪಕ್ಕ. ನಾವು ಕಣ್ಣು ಬಿಡುವ ಮೊದಲೇ ಟಪ್ ಟಪ್ ಸದ್ದು, ಹಿಂದೆಯೇ ಬೇಯುವ ಜೋಳದ ಹಿಟ್ಟಿನ ವಾಸನೆ.

ಆ ವರ್ಷ ನಾಗರ ಪಂಚಮಿಗೆ ಮುಂಚೆ ಅವ್ವನ ಮೊಣಕಾಲು ಬಾತವು. ನೆಲಕ್ಕೆ ಕೂಡಬಾರದು ಎಂದು ಡಾಕ್ಟರು ಹೇಳಿದರು. ಮನೆಗೆ ಗ್ಯಾಸ್ ಬಂದಿತ್ತು, ಕಟ್ಟೆ ಕಟ್ಟಿಸಲು ಅಪ್ಪ ಒಪ್ಪಿದ. ಆದರೆ ರೊಟ್ಟಿಯ ಮಾತಿಗೆ ಸೋದರತ್ತೆ ಅಕ್ಕನ ಕಡೆ ನೋಡಿ ನಕ್ಕಳು.

"ನಿಂತ ರೊಟ್ಟಿ ಬಡಿತಾರೇನಬೇ? ಇನ್ನ ನಿಮ್ಮವ್ವ ಚಪಾತಿ ಲಟ್ಟಿಸ್ಕೋತ ಇರಲಿ."

ಅವ್ವ ಒಣಗಿದ ಕೈಯನ್ನೇ ಸೆರಗಿಗೆ ಒರೆಸಿಕೊಂಡಳು.

ಅಕ್ಕನಿಗೆ ಅದು ತಾಗಿತು. ಬೂದಿ ತಂದು ನೆಲದ ಮೇಲೆ ಗೆರೆ ಎಳೆದಳು. "ಎಡಕ್ಕ ಹಿಟ್ಟು, ನಡುವ ಕಲ್ಲು, ಬಲಕ್ಕ ಬೆಂಕಿ. ಅವ್ವ ಒಂದ ಹೆಜ್ಜಿ ಎತ್ತಬಾರದು." ರೊಟ್ಟಿ ಬಡಿಯುವಾಗ ಹೆಗಲಿನ ಬಲ ಅಂಗೈಗೆ ಇಳಿಯಬೇಕು. ಅದಕ್ಕೇ ರೊಟ್ಟಿಯ ಕಟ್ಟೆ ಗ್ಯಾಸಿನ ಕಟ್ಟೆಗಿಂತ ತಗ್ಗಿರಬೇಕು ಎಂದು ಅವ್ವನನ್ನು ನೆಟ್ಟಗೆ ನಿಲ್ಲಿಸಿ, ನೆಲದಿಂದ ಇಳಿಬಿಟ್ಟ ಕೈಯ ಮಣಿಕಟ್ಟಿನವರೆಗೆ ದಾರ ಹಿಡಿದು ಗಂಟು ಹಾಕಿದಳು.

"ಒಮ್ಮಿ ಕಟ್ಟಿದ್ದ ನಾ ಒಡಸಂಗಿಲ್ಲ, ನೋಡ," ಎಂದ ಅಪ್ಪ.

ಅಕ್ಕ ಬಬಲೇಶ್ವರದ ಸಾಲಿಗೆ ಹೋಗುತ್ತಿದ್ದಳು. ನಾನು ನಾಲ್ಕನೇ ತರಗತಿಗೇ ಬಿಟ್ಟು ಆಡು ಕಾಯುತ್ತಿದ್ದೆ. ದಾರ ನನ್ನ ಕೈಗೆ ಬಂತು. "ಕಟ್ಟಿ ಕಟ್ಟಾಕ ಗೌಂಡಿ ಕಾಕಾ ಬಂದ ಕೂಡಲೆ ಕೊಡ. ಆಟಕ್ಕ ಹತ್ತಬ್ಯಾಡ."

ಹತ್ತಿದೆ. ಓಣಿಯ ಹುಡುಗಿಯರು ಜೋಕಾಲಿಗೆ ಕರೆದರು. ಅದೇ ದಾರದಿಂದ ಆಡಿನ ಮರಿಯನ್ನು ಕಂಬಕ್ಕೆ ಕಟ್ಟಿ ಓಡಿದೆ. ಬಾಯಲ್ಲಿ ಶೇಂಗಾ ಉಂಡಿ ಇಟ್ಟುಕೊಂಡು ಮರಳಿ ಬಂದಾಗ ಅರ್ಧ ದಾರ, ಗಂಟು ಸಮೇತ, ಮರಿಯ ಹೊಟ್ಟೆಯಲ್ಲಿತ್ತು.

"ಅಳತಿ ಎಲ್ಲೈತಿ ಯವ್ವಾ?" ಗೌಂಡಿ ಕೂಗಿದ.

ಅವ್ವ, ಅಪ್ಪ ಡಾಕ್ಟರ ಕಡೆ ಹೋಗಿದ್ದರು. ಬೇರೆ ದಾರ ಹುಡುಕಿ, ಗೋಡೆಗೆ ಒರಗಿ ನಿಂತು, ನನ್ನದೇ ಮಣಿಕಟ್ಟಿಗೆ ಗಂಟು ಹಾಕಿ ಕೊಟ್ಟೆ. ನಾನಾಗ ಅವ್ವನ ಎದೆಮಟ್ಟ ಕೂಡ ಇರಲಿಲ್ಲ.

"ಭಾಳ ತೆಳಗ ಆತಲ್ಲ?"

"ಅಕ್ಕ ಹಿಂಗ ಹೇಳ್ಯಾಳ್ರಿ."

ಸಂಜೆ ಅವ್ವ ಆ ಕಟ್ಟೆಯ ಮುಂದೆ ನಿಂತರೆ ಬಾವಿಗೆ ಬಗ್ಗಿದಂತೆ ಬಗ್ಗಬೇಕಾಯಿತು. ಅಪ್ಪ ಹರಿಹಾಯ್ದ. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. "ಅಳತಿ ನಾನ ತಪ್ಪೇನಿ ಯಪ್ಪಾ," ಎಂದಳು. ನಾನು ಮರಿಯನ್ನು ಎತ್ತಿಕೊಂಡು ಹಿತ್ತಲಿಗೆ ನಡೆದೆ.

ಮರುದಿನ ಅಕ್ಕ ಸಾಲಿಗೆ ಹೋಗಲಿಲ್ಲ. ಹಿತ್ತಲಲ್ಲಿ ಉಳಿದಿದ್ದ ಫರಸಿ ಕಲ್ಲಿನ ಚಪ್ಪಡಿ ಹೊತ್ತು ತಂದಳು. ತಗ್ಗು ಕಟ್ಟೆಯ ಎರಡೂ ತುದಿಗೆ ಇಟ್ಟಿಗೆ ನಿಲ್ಲಿಸಿ, ಗೌಂಡಿಯಿಂದ ಅದರ ಮೇಲೆ ಫರಸಿ ಕೂಡಿಸಿದಳು. ನಡುವೆ ಸಂದಿ ಉಳಿಯಿತು. "ಇರಲಿ, ರೊಟ್ಟಿ ತಾಟ ಇಡಾಕ ಆತು," ಎಂದಳು.

ಸಿಮೆಂಟು ಒಣಗಿದ ಮೇಲೆ ಅವ್ವ ಅಲ್ಲಿ ನಿಂತಳು. ಅತ್ತೆ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದಳು. ಟಪ್. ಟಪ್ ಟಪ್. ಹಿಟ್ಟು ಕಲ್ಲಿನ ಅಂಚಿನವರೆಗೆ ಹಿಗ್ಗಿತು. ಅವ್ವ ಬರೀ ತಿರುಗಿದಳು, ಹೆಜ್ಜೆ ಎತ್ತಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಅಪ್ಪನೇ ಮೊದಲು ನಕ್ಕ.

ಅತ್ತೆ ಎರಡು ರೊಟ್ಟಿ ತಿಂದು ಕೈ ತೊಳೆದಳು. "ನಾಳಿ ಗೌಂಡೀನ ನಮ್ಮ ಮನಿಗೆ ಕಳಸ. ಆ ಸಂದೀನೂ ಇರಲಿ ಮತ್ತ!"

ಪಂಚಮಿ ಮುಗಿಯುವುದರೊಳಗೆ ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಮೊದಲು ತಗ್ಗು ಕಟ್ಟೆ, ಮೇಲೆ ಇಟ್ಟಿಗೆ, ಅದರ ಮೇಲೆ ಫರಸಿ, ಹಾಗೆಯೇ ಕಟ್ಟಿಸಿದರು. ಅಕ್ಕನ ಜಾಣತನದ ಜೊತೆಗೆ ನನ್ನ ಸುಳ್ಳೂ ಮನೆಮನೆಯಲ್ಲಿ ನಿಂತಿತು.

ಈಗ ಅವ್ವ ಇಲ್ಲ. ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹತ್ತಿರದ ನನ್ನ ಮನೆಗೆ ರೊಟ್ಟಿ ಅಂಗಡಿಯಿಂದ ಬರುತ್ತದೆ. ಬೆಳಗಿನ ಆ ಸದ್ದು ಕೇಳಿ ಎಷ್ಟೋ ವರ್ಷಗಳಾದವು. ಮೊನ್ನೆ ಅಡುಗೆ ಮನೆ ಹೊಸದಾಗಿ ಕಟ್ಟಿಸಲು ಹಿಡಿದಾಗ ಅಕ್ಕನನ್ನು ಕರೆಸಿದೆ. ಬೂದಿಯ ಬದಲು ಅವಳು ಸೀಮೆಸುಣ್ಣ ಹಿಡಿದಳು. ಆಗ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

"ಮರಿ ಬಾಯಾಗ ದಾರದ ತುದಿ ಜೋತಾಡತಿತ್ತಲ್ಲ ಲೇ, ನಾ ನೋಡಿದ್ದೆ," ಎಂದು ನಕ್ಕಳು. "ಅಪ್ಪ ನಿನ್ನ ಹೊಡಿತಿದ್ದ. ನೆಟ್ಟಗ ನಿಂದರ ಈಗ."

ನೆಲದಿಂದ ನನ್ನ ಮಣಿಕಟ್ಟಿಗೆ ದಾರ ಹಿಡಿದು ಗಂಟು ಹಾಕಿದಳು. ಅದನ್ನು ಮತ್ತೊಮ್ಮೆ ಹಿಡಿದು ನೋಡಿದಳು. ನಗು ನಿಂತಿತು.

"ಇದು ಅವ್ವಂದ ಅಳತಿ," ಎಂದಳು.

ಗೌಂಡಿ ಬರುವವರೆಗೆ ನಾನು ಆ ದಾರ ಹಿಡಿದ ಮುಷ್ಟಿ ಬಿಚ್ಚಲಿಲ್ಲ.