ಹುಳುಮನೆಯಲ್ಲಿ ಕಲಿತ ಹೊಡೆತ

ಮೇಲೂರಿನ ನಮ್ಮ ಹುಳುಮನೆ, ಅಂದರೆ ರೇಷ್ಮೆಹುಳು ಸಾಕುವ ಶೆಡ್ಡು, ಒಂದು ಬೆಳೆ ಮುಗಿದು ಹೊಸ ಮರಿ ಬರುವವರೆಗೆ ಖಾಲಿ. ಆ ಕೆಲವು ದಿನ ಅದು ನನ್ನದು, ಮಾವನದು. ನಿವೃತ್ತ ಗುಮಾಸ್ತರಾದ ಮಾವ ಅಲ್ಲಿ ಟೇಬಲ್ ಟೆನಿಸ್ ಮೇಜು ಹಾಕಿಸಿದ್ದರು. ನಾನು ಸರ್ಕಾರಿ ಶಾಲೆಯ ಟೀಚರು, ನಲವತ್ತು ದಾಟಿದ ಮೇಲೆ ಬ್ಯಾಟು ಹಿಡಿದವಳು. ನೌಕರರ ಜಿಲ್ಲಾ ತಂಡದಲ್ಲಿ ಒಂದು ಜಾಗವಿತ್ತು. ಅದು ನನಗೆ ಬೇಕೇ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಿದ್ದೆಯಲ್ಲೂ ಅದೇ ಜಪ.

ಮಾವನ ಆಟ ಒಂದೇ, ಚೆಂಡಿನ ಅಡಿಯನ್ನು ಸವರಿ ಕಳಿಸುವುದು. ಹಾಗೆ ಹಿಂದಕ್ಕೆ ತಿರುಗುತ್ತಾ ಬಂದ ಚೆಂಡನ್ನು ನೇರ ಹೊಡೆದರೆ ನೆಟ್ಟಿಗೆ ಬೀಳುತ್ತದೆ, ಕೆಳಗಿನಿಂದ ಮೇಲಕ್ಕೆ ಸವರಿ ಎತ್ತಬೇಕು ಎಂದು ಆಡುವವರೆಲ್ಲ ಹೇಳುತ್ತಾರೆ. ನಾನು ನೇರವಾಗಿಯೇ ಬಾರಿಸುತ್ತಿದ್ದೆ, ಚೆಂಡು ಹೋಗುತ್ತಿತ್ತು! "ನಿನ್ ಕೈಲಿ ಏನೋ ಐತೆ ಕಣಮ್ಮ" ಎನ್ನುತ್ತಿದ್ದರು ಮಾವ. ನಾನೂ ನಂಬಿಬಿಟ್ಟೆ. ಜಂಬ ಅಂದರೆ ಜಂಬ.

ಚಿಕ್ಕಬಳ್ಳಾಪುರದಲ್ಲಿ ಆಯ್ಕೆ ಪಂದ್ಯ. ಎದುರಿಗೆ ಗೌರಿಬಿದನೂರಿನ ಗುಮಾಸ್ತೆಯೊಬ್ಬರು, ಮಾವನಂತೆಯೇ ಅಡಿ ಸವರುವವರು. ನನ್ನ ಮೊದಲ ಹೊಡೆತ ನೆಟ್ಟಿಗೆ. ಎರಡನೆಯದೂ ನೆಟ್ಟಿಗೆ. ನೋಡನೋಡುತ್ತಾ ಎರಡು ಗೇಮು ಕೈತಪ್ಪಿದವು. ಅಳುವೇ ಬಂತು. ಮುಖ ಒರೆಸಿಕೊಳ್ಳಲು ಕೂತಾಗ ಆಕೆ ಒದ್ದೆ ಬಟ್ಟೆಯಿಂದ ಬ್ಯಾಟು ಒರೆಸುವುದು ಕಂಡಿತು. ನನ್ನದನ್ನೂ ಒರೆಸಿದೆ. ಬಟ್ಟೆಯೆಲ್ಲ ಬೆಳ್ಳಗೆ!

ಸುಣ್ಣ. ಹುಳುಗಳಿಗೆ ರೋಗ ಬಾರದಿರಲೆಂದು ಬೆಳೆ ಬೆಳೆಗೂ ಹುಳುಮನೆಗೆ ಎರಚುವ ಸುಣ್ಣ. ಅದು ಮೇಜಿಗೆ, ಚೆಂಡಿಗೆ, ಬ್ಯಾಟಿನ ರಬ್ಬರಿಗೆ ಮೆತ್ತಿಕೊಂಡು ಸ್ಪಿನ್ನನ್ನೆಲ್ಲ ಕೊಂದುಹಾಕಿತ್ತು. ಎರಡು ವರ್ಷ ನಾನು ಬಾರಿಸಿದ್ದು ಸತ್ತ ಚೆಂಡನ್ನು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮೂರನೇ ಗೇಮಿನಲ್ಲಿ ಜಂಬ ಬಿಟ್ಟೆ. ಮಂಡಿ ಬಗ್ಗಿಸಿ, ಚೆಂಡು ಕೊಂಚ ಇಳಿಯುವವರೆಗೆ ಕಾದು, ಕೆಳಗಿನಿಂದ ಮೇಲಕ್ಕೆ ಸವರಿದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವಾಗ ಕಾಲಿನ ಬಲದಿಂದ ಏಳುತ್ತೇವಲ್ಲ, ಹಾಗೆ. ಆ ಗೇಮು ಗೆದ್ದೆ. ನಾಲ್ಕನೆಯದು ಎರಡೇ ಪಾಯಿಂಟಿನ ಅಂತರದಲ್ಲಿ ಹೋಯಿತು, ಜೊತೆಗೆ ತಂಡದ ಜಾಗವೂ ಹೋಯಿತು.

ಗೆದ್ದಾಕೆ ಕೈ ಕುಲುಕಿ, "ಮೂರನೇ ಗೇಮಲ್ಲಿ ಆಡಿದ್ರಲ್ಲ, ಅಂಗೇ ಆಡ್ಕೊಂಡು ಮುಂದಿನ್ ವರ್ಷ ಬನ್ನಿ. ನಂಗೆ ಭಯ ಆಗೋಯ್ತು" ಎಂದರು.

ಜೊತೆಗೆ ಬಂದಿದ್ದ ಮಾವನಿಗೆ ಬಸ್ಸಿನಲ್ಲಿ ಸುಣ್ಣದ ವಿಷಯ ಹೇಳಿದೆ. ಮೇಲೂರಿನ ಬಸ್ಸಿಗೆಂದು ಶಿಡ್ಲಘಟ್ಟದಲ್ಲಿ ಇಳಿಯುವಾಗ, "ನಾನೇ ಕೆಡಿಸ್ದೆ ನಿನ್ನ" ಎಂದರು.

ಮರುದಿನ ಬೆಳಿಗ್ಗೆ ಮೇಜನ್ನು ಅಂಗಳಕ್ಕೆ ಎಳೆದು, ಅದನ್ನೂ ಬ್ಯಾಟು ಚೆಂಡುಗಳನ್ನೂ ಒರೆಸಿ, ಎದುರುಬದುರು ನಿಂತೆವು. ಮಾವ ಅಡಿ ಸವರಿ ಕಳಿಸಿದರು. ನಾನು ಎತ್ತಿದೆ, ನೆಟ್ಟಿಗೆ. ಇನ್ನೊಂದೂ ನೆಟ್ಟಿಗೆ. ಗುಮಾಸ್ತೆಯ ಚೆಂಡಿಗಿಂತ ಇದು ಬಿಗಿ! ಎಪ್ಪತ್ತು ದಾಟಿದ ಆ ಮುಖ ಮೆಲ್ಲಗೆ ಅರಳಿತು.

"ಅಯ್ಯೋ, ನನ್ ಚೆಂಡು ಇಷ್ಟೊಂದ್ ತಿರುಗ್ತದಾ! ನಂಗೇ ಗೊತ್ತಿರ್ಲಿಲ್ಲ ಕಣಮ್ಮ!"

ಇವರ ಚೆಂಡನ್ನು ಎತ್ತಿದರೆ ಮುಂದಿನ ವರ್ಷ ಯಾರ ಚೆಂಡನ್ನಾದರೂ ಎತ್ತಬಲ್ಲೆ.

"ಇನ್ನೊಂದ್ ಹಾಕಿ ಮಾವ" ಎಂದು ಮಂಡಿ ಬಗ್ಗಿಸಿದೆ.