ಹಸಿರಿಗೆ ತಿರುಗಿದ ಚೌಕ

ಮೊನ್ನೆ ಲಿಂಗಸುಗೂರಿನ ಲ್ಯಾಬಿನಲ್ಲಿ ಒಬ್ಬ ಹುಡುಗಿ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಚಿಪ್ ಒಂದನ್ನು ಪುಟ್ಟ ಯಂತ್ರದ ಬಾಯಿಗೆ ತುರುಕಿ, ನನ್ನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಅದರ ಮೇಲೆ ಬಿಟ್ಟಳು. "ಸಕ್ಕರಿ, ಉಪ್ಪು, ಕಿಡ್ನಿದು, ಎಲ್ಲಾ ಒಂದ ಸಲಕ್ಕ ಗೊತ್ತಾಗತೈತ್ರಿ ಅಮ್ಮಾ" ಎಂದು ಹೆಮ್ಮೆಯಿಂದ ಹೇಳಿದಳು. ಯಂತ್ರ ಕುಂಯ್ ಎನ್ನುವ ತನಕ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅವಳಿಗೆ ನಗು ಬಂತು. ನಗಲಿ ಬಿಡಿ. ನನ್ನ ಹೆದರಿಕೆ ಆ ಯಂತ್ರದ್ದಲ್ಲ, ಅದಕ್ಕಿಂತ ಬಹಳ ಹಳೆಯದು, ತೊಂಬತ್ತರ ದಶಕದ ಮೊದಲ ವರ್ಷಗಳದ್ದು.

ಆಗ ನಾನು ಮಸ್ಕಿಯ ಸೊಸೆ, ಚೊಚ್ಚಲ ಬಸುರಿ. ಅತ್ತೆ ಹೊರಗಿನವಳಲ್ಲ, ನನ್ನ ಅಪ್ಪನ ಸ್ವಂತ ಅಕ್ಕ. ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ನಾನು, ಅತ್ತೆ, ಮತ್ತೆ ನನ್ನ ಹೆದರಿಕೆ.

ಹೆದರಿಕೆಗೆ ಕಾರಣವಿತ್ತು. ಚೊಚ್ಚಲ ಹೆರಿಗೆಗೆಂದು ಪಾಮನಕಲ್ಲೂರಿನ ತವರಿಗೆ ಬಂದ ನನ್ನ ಅಕ್ಕ ಬಾಣಂತಿಯಾಗಲೇ ಇಲ್ಲ. ಮೊದಲು ಕಾಲು ಊದಿತು, ಆಮೇಲೆ ಮುಖ. "ತಲಿ ಸಿಡಿಯಾಕತ್ತೈತಿ, ಕಣ್ಣು ಮಬ್ಬಾಗ್ಯಾವ" ಎಂದಳು. ಸಂಜೆಯ ಹೊತ್ತಿಗೆ ಕೈಕಾಲು ಸೆಟೆದು ಅದುರತೊಡಗಿದಳು. ಹಿರಿಯರು ಗಾಳಿ ಬಡಿದಿದೆ ಎಂದರು. ಬೇವಿನ ಸೊಪ್ಪು ಬಂತು, ಲಿಂಬೆಹಣ್ಣು ಬಂತು, ಆಸ್ಪತ್ರೆಗೆ ಒಯ್ಯಲು ಬಂಡಿ ಮಾತ್ರ ಬರಲಿಲ್ಲ. ತಾಯಿ, ಮಗು ಇಬ್ಬರೂ ಹೋದರು. ನಾನು ಬಾಗಿಲ ಸಂದಿಯಿಂದ ಎಲ್ಲ ನೋಡಿದ್ದೆ.

ಹೀಗಾಗಿ ಬಸಿರು ನಿಂತಾಗಿನಿಂದ ನನಗೊಂದೇ ಚಾಳಿ. ಬೆಳಿಗ್ಗೆ ಎದ್ದ ಕೂಡಲೇ ಹೆಬ್ಬೆರಳಿನಿಂದ ಪಾದ ಒತ್ತಿ, ಕುಳಿ ಬೀಳುತ್ತದೆಯೇ ಎಂದು ನೋಡುವುದು. "ಏನಬೇ, ಅದು ಕಾಲೋ ಮಾವಿನಹಣ್ಣೋ? ಹಂಗ್ಯಾಕ ಒತ್ತಿ ಒತ್ತಿ ನೋಡತಿ?" ಎಂದು ಅತ್ತೆ ಚೇಷ್ಟೆ ಮಾಡುತ್ತಿದ್ದಳು. ಮೊದಲ ಹೆರಿಗೆ ತವರಲ್ಲೇ ಆಗಬೇಕೆಂಬುದು ನಮ್ಮ ರೂಢಿ. ನಾನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹಟ ಹಿಡಿದು ಮಸ್ಕಿಯಲ್ಲೇ ಉಳಿದೆ. ಬೈಸಿಕೊಂಡೆ, ಉಳಿದೆ.

ಆಗ ಲಿಂಗಸುಗೂರಿಗೆ ಹೈದರಾಬಾದ್ ಕಡೆಯಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು. ಅವರ ಹತ್ತಿರ ಮೂತ್ರ ಪರೀಕ್ಷೆಯ ಪ್ಲಾಸ್ಟಿಕ್ ಕಡ್ಡಿಗಳಿದ್ದವು. ಒಂದೊಂದು ಕಡ್ಡಿಯ ಮೇಲೂ ಸಾಲಾಗಿ ಅಂಟಿಸಿದ ಸಣ್ಣ ಸಣ್ಣ ಬಣ್ಣದ ಚೌಕಗಳು. ಒಂದು ಸಕ್ಕರೆಗೆ, ಒಂದು ರಕ್ತಕ್ಕೆ, ಒಂದು ಕಾಮಾಲೆಗೆ, ಒಂದು ಪ್ರೋಟೀನಿಗೆ; ಬಸುರಿಗೆ ಅಕ್ಕನಂಥ ರೋಗ ಬಂದರೆ ತೋರಿಸುವುದು ಇದೇ. ಅದರ ಪಕ್ಕದ್ದು, ಮೂತ್ರ ಹುಳಿಯೋ ಸೋಡಾದಂಥ ಕ್ಷಾರವೋ ಎಂದು ಹೇಳುವುದಕ್ಕೆ. ಅದ್ದಿ ತೆಗೆದು, ಡಬ್ಬಿಯ ಮೇಲೆ ಅಚ್ಚಾದ ಬಣ್ಣಗಳ ಪಕ್ಕ ಹಿಡಿದು ನೋಡುವುದು, ಅಷ್ಟೇ.

ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಬಸುರಿಗೆ ಹಸಿರು ಸೀರೆ ಉಡಿಸಿ, ಮೊಣಕೈವರೆಗೆ ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ ಅದು. ಮರುದಿನ ಅದೇ ಸೀರೆ, ಅದೇ ಬಳೆಯಲ್ಲಿ ಅತ್ತೆಯ ಜೊತೆ ಲಿಂಗಸುಗೂರಿನ ಬಸ್ಸು ಹತ್ತಿದೆ. ಬೆಳಗಿನ ಮೊದಲ ಮೂತ್ರವನ್ನು ಮನೆಯಿಂದಲೇ ತರಬೇಕೆಂದು ಹೇಳಿದ್ದರಿಂದ, ಅತ್ತೆ ಒಂದು ಟಾನಿಕ್ ಬಾಟಲಿಯನ್ನು ಥಳಥಳ ತೊಳೆದು ಕೊಟ್ಟಿದ್ದಳು.

ಡಾಕ್ಟರಮ್ಮ ಇನ್ನೂ ಬಂದಿರಲಿಲ್ಲ. ನರ್ಸು ಕಡ್ಡಿ ಅದ್ದಿದಳು. ನೋಡುತ್ತಿದ್ದಂತೆಯೇ ಹಳದಿಯಾಗಿದ್ದ ಪ್ರೋಟೀನಿನ ಚೌಕ ಹಸಿರಾಯಿತು. ಎಂಥ ಹಸಿರು! ನನ್ನ ಬಳೆಯಂಥದೇ ಹಸಿರು.

"ಹಸರ ಬಂತು! ಶುಭ ಆತು ಬಿಡು," ಎಂದು ಅತ್ತೆ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೂ ಹೇಳಿದಳು. ನಾನು ನೋಡುತ್ತಿದ್ದುದು ನರ್ಸಿನ ಮುಖವನ್ನು. ಅವಳ ಹುಬ್ಬು ಗಂಟಾಗಿತ್ತು. "ಕಾಲು ಊದ್ಯಾವೇನಬೇ?" ಎಂದು ಕೇಳಿದಳು. ಅಷ್ಟು ಸಾಕಾಯಿತು. ನನ್ನ ಕಿವಿಯಲ್ಲಿ ಗುಂಯ್ ಎಂದಿತು, ಬೆಂಚು ಗಟ್ಟಿಯಾಗಿ ಹಿಡಿದುಕೊಂಡೆ. ಅಯ್ಯೋ ದೇವರೇ, ನನ್ನ ಕೂಸನ್ನಾದರೂ ಉಳಿಸು ಎಂದೆ. ಮರುಕ್ಷಣವೇ ನನ್ನನ್ನೂ ಉಳಿಸಪ್ಪಾ ಎಂದೆ. ಸಾಯಲು ನನಗೆ ಚೂರೂ ಮನಸ್ಸಿರಲಿಲ್ಲ.

ಡಾಕ್ಟರಮ್ಮ ಬಂದವರೇ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಬಾಟಲಿ ಯಾರು ತೊಳೆದ್ರು?" ಎಂದರು.

"ನಾನ ತೊಳದೀನ್ರೀ. ದವಾಖಾನಿಗೆ ಒಯ್ಯೋದು ಅಂತ ಬಟ್ಟಿ ಸೋಡಾ ಹಾಕಿ ತಿಕ್ಕೀನಿ. ಸ್ವಲ್ಪ ಒಳಗನ ಬಿಟ್ಟೀನಿ, ವಾಸನಿ ಬರಬಾರದಂತ."

ಡಾಕ್ಟರಮ್ಮ ನಕ್ಕರು. ಪ್ರೋಟೀನಿನ ಪಕ್ಕದ ಚೌಕ ಕಡುನೀಲಿಯಾಗಿತ್ತು. "ಇಷ್ಟು ನೀಲಿ ಮನುಷ್ಯರಿಗೆ ಬರೋದಿಲ್ಲಮ್ಮಾ, ಇದು ಸೋಡಾ. ಸೋಡಾ ಇದ್ರೆ ಆ ಚೌಕ ಸುಮ್ಮಸುಮ್ಮನೆ ಹಸಿರಾಗುತ್ತೆ. ಒಂದೇ ಚೌಕದ ಮಾತು ನಂಬಬಾರದು, ಪಕ್ಕದವರನ್ನೂ ವಿಚಾರಿಸಬೇಕು," ಎಂದು ನನಗೆ ಆಸ್ಪತ್ರೆಯ ಗ್ಲಾಸು ಕೊಟ್ಟು ಕಳಿಸಿದರು. ಈ ಸಲ ಪ್ರೋಟೀನಿನ ಚೌಕ ಹಳದಿಯಾಗಿಯೇ ಉಳಿಯಿತು. ಪಕ್ಕದ್ದು ಕಿತ್ತಳೆ ಬಣ್ಣ. ನಾನು ಅಲ್ಲೇ ಹೋ ಎಂದು ಅತ್ತುಬಿಟ್ಟೆ.

ಅತ್ತೆಗೆ ಅವಮಾನವಾಗಿತ್ತು. ಮಸ್ಕಿ ಮುಟ್ಟುವ ತನಕ ಗೊಣಗಿದಳು: "ಸೋಡಾಕ್ಕೂ ಉಚ್ಚಿಗೂ ಫರಕ್ ತಿಳೀದ ಕಡ್ಡಿ, ಅದೇನು ರೋಗ ಹೇಳೀತು? ಸುಳ್ಳು ಬೊಗಳತೈತಿ." ಓಣಿಗೆಲ್ಲ ಅದೇ ಮಾತು ಸಾರಿದಳು.

ಒಂಬತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೆಬ್ಬೆರಳು ಒತ್ತಿದೆ; ಕುಳಿ ಬಿತ್ತು. ಬೆರಳು ತೆಗೆದರೂ ಕುಳಿ ಹಾಗೆಯೇ ಇತ್ತು. ತಲೆಯಲ್ಲಿ ಯಾರೋ ಒನಕೆಯಿಂದ ಕುಟ್ಟಿದಂತೆ ನೋವು. "ಝಳಾ ಹತ್ತೈತಿ, ಮಜ್ಜಿಗಿ ಕುಡಿ" ಎಂದಳು ಅತ್ತೆ. ನಾನು ಬಾಟಲಿಯನ್ನು ಬರೀ ನೀರಿನಲ್ಲಿ ತೊಳೆದು, ಮೂತ್ರ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಹೊರಟೇಬಿಟ್ಟೆ. ಅತ್ತೆ ಬೈಯುತ್ತಾ ಹಿಂದೆ ಬಂದಳು.

ಡಾಕ್ಟರಮ್ಮ ಒಳಗೆ ಒಂದು ಹೆರಿಗೆಯಲ್ಲಿದ್ದರು. ನರ್ಸು ಕಡ್ಡಿ ಅದ್ದಿದಳು. ಹಸಿರು. ಹೋದ ಸಲಕ್ಕಿಂತ ಗಾಢ.

"ತೊಗೋ, ಮತ್ತ ಸುರು ಆತು ಅದರ ನಾಟಕ," ಎಂದು ಅತ್ತೆ ನಕ್ಕಳು. ನರ್ಸಿಗೂ ಹಿಂದಿನದು ನೆನಪಾಯಿತು. "ಮತ್ತ ಸೋಡಾ ಹಾಕೀರೇನು? ಹೋಗ್ರಿ, ನಾಳಿ ಚಲೋ ಬಾಟ್ಲಿ ತೊಗೊಂಡು ಬರ್ರಿ," ಎಂದು ಕಡ್ಡಿಯನ್ನು ಕಸದ ಬುಟ್ಟಿಗೆ ಎಸೆದಳು.

ನಾನು ಬುಟ್ಟಿಗೆ ಕೈ ಹಾಕಿದೆ. ಪಕ್ಕದ ಚೌಕ ನೋಡಿದೆ. ಕಿತ್ತಳೆ. ನೀಲಿಯ ಸುಳಿವೇ ಇಲ್ಲ. ಸೋಡಾ ಇಲ್ಲ, ಹಸಿರಷ್ಟೇ ಇದೆ. ನನ್ನ ಕಣ್ಣ ಮುಂದೆ ಅಕ್ಕನ ಊದಿದ ಮುಖ ಬಂತು.

"ನೀಲಿ ಇಲ್ಲ! ನೋಡ್ರೇ, ನೀಲಿ ಇಲ್ಲ! ನಾ ಸಾಯತೀನಿ, ಯಾರರ ನೋಡ್ರೇ!" ಎಂದು ಇಡೀ ದವಾಖಾನೆ ಎದ್ದು ನಿಲ್ಲುವಂತೆ ಕಿರುಚಿದೆ. ಡಾಕ್ಟರಮ್ಮ ಕೈಗವಸು ಕಳಚುತ್ತಾ ಓಡಿಬಂದರು. ಕಡ್ಡಿ ನೋಡಿದರು, ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಒಂದು ಇಂಜೆಕ್ಷನ್ ಕೊಟ್ಟು, ತಾವೇ ಬಾಡಿಗೆ ಜೀಪು ಕರೆಸಿದರು. ಆಪರೇಷನ್ ಮಾಡಬಲ್ಲ ಆಸ್ಪತ್ರೆ ಇದ್ದದ್ದು ಸಿಂಧನೂರಿನಲ್ಲಿ.

ಜೀಪು ಮಸ್ಕಿಯನ್ನು ದಾಟಿತು. ನಮ್ಮ ಓಣಿಯ ತಿರುವು ಬಂದರೂ ಅತ್ತೆ ಆ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅದು ಊದುತ್ತಲೇ ಬಂದಿತ್ತು.

"ನಿಮ್ಮಕ್ಕನ ಮಾರಿನೂ ಹಿಂಗ ಆಗಿತ್ತು," ಎಂದಳು. "ಬಂಡಿ ಹೂಡಾಕ ಹೊಂಟಿದ್ದ ನಿಮ್ಮಪ್ಪ. ಗಾಳಿ ಐತಿ, ಹೊರಗ ಒಯ್ಯಬ್ಯಾಡ ಅಂತ ಹೇಳಿದಾಕಿ ನಾನವ್ವಾ. ಬಂಡಿ ನಿಲ್ಲಿಸಿದಾಕಿ ನಾನ."

ಬಾಗಿಲ ಸಂದಿಗೆ ಅಂಗಳದ ಆ ಮಾತು ಕೇಳಿಸಿರಲಿಲ್ಲ, ನನಗೆ ಅದು ಗೊತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ತ್ರಾಣವಿರಲಿಲ್ಲ, ಕಣ್ಣು ಮಬ್ಬಾಗತೊಡಗಿತ್ತು. ಅವಳ ಕೈ ಬಿಡದೆ ಹಿಡಿದುಕೊಂಡೆ.

ಸಿಂಧನೂರಿನಲ್ಲಿ ಮತ್ತೆ ಮೂತ್ರ ಕೇಳಿದರು. ಅತ್ತೆ ಸ್ಟೀಲ್ ಲೋಟವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು, ಮೂಸಿ ನೋಡಿದಳು, ಮತ್ತೆ ತೊಳೆದಳು. ಅಲ್ಲಿನ ಡಾಕ್ಟರರ ಮುಂದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಬರೇ ನೀರಾಗ ತೊಳದೀನ್ರೀ ಸಾಹೇಬ್ರ. ಸೋಡಾ ಇಲ್ರೀ. ಇದು ಖರೇನ ಹೇಳತೈತಿ. ಜಲ್ದಿ ನೋಡ್ರಿ, ನಿಮ್ಮ ಕಾಲಿಗೆ ಬೀಳತೀನಿ."

ಆಮೇಲಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ಬೆಳಕು ಬಂದಿತ್ತು. ಪಕ್ಕದಲ್ಲಿ ಬಟ್ಟೆ ಸುತ್ತಿದ ಹೆಣ್ಣುಕೂಸು, ಕೆಂಪಗೆ, ಕೋಪ ಬಂದವರಂತೆ ಅಳುತ್ತಿತ್ತು. ಗಂಡ ಗಿರಣಿಯ ಬಟ್ಟೆಯಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಅತ್ತೆ ಕೂಸಿನ ಹತ್ತಿರ ಇರಲಿಲ್ಲ. ನನ್ನ ಕಾಲ ಬುಡದಲ್ಲಿ ಕೂತು, ಹೆಬ್ಬೆರಳಿನಿಂದ ಪಾದ ಒತ್ತುವುದು, ತೆಗೆಯುವುದು, ಬಗ್ಗಿ ನೋಡುವುದು, ಮತ್ತೆ ಒತ್ತುವುದು ಮಾಡುತ್ತಿದ್ದಳು.