ಯಾರ ಬೆರಳು?

ಕೊರೋನಾದ ಎರಡನೆಯ ಅಲೆ ಚೆನ್ನೈಗೆ ಬಂದಾಗ ನಾನು ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಓದುತ್ತಿದ್ದೆ. ಕೊನೆಯ ಸೆಮಿಸ್ಟರಿನಲ್ಲಿ ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕಿತ್ತು. ಮಾಮೂಲಿ ವರ್ಷವಾಗಿದ್ದರೆ ಕಚೇರಿಯ ಮೂಲೆಯಲ್ಲಿ ಕೂತು, ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡಿ, ವರದಿ ಬರೆದು ಬರುತ್ತಿದ್ದೆವು. ಆ ವರ್ಷ ಹೊರಗಿನವರನ್ನು ಯಾವ ಕಚೇರಿಯೂ ಒಳಗೆ ಬಿಡುತ್ತಿರಲಿಲ್ಲ. ಮನೆಯಲ್ಲೇ ಕೂತು ಮಾಡುವ ಕೆಲಸ ಕೊಟ್ಟರು. ಸೋಂಕು ತಗಲಿ ಮನೆಯಲ್ಲೇ ಉಳಿದವರಿಗೆ ಪ್ರತಿದಿನ ಫೋನ್ ಮಾಡಬೇಕು. ಜ್ವರ ಎಷ್ಟು, ಉಸಿರಾಟ ಹೇಗಿದೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕೇಳಿ ಕಂಪ್ಯೂಟರಿನಲ್ಲಿ ತುಂಬಬೇಕು. ತೊಂಬತ್ತನಾಲ್ಕಕ್ಕಿಂತ ಕಡಿಮೆಯಾದರೆ ಆ ಹೆಸರು ಕೆಂಪಾಗುತ್ತಿತ್ತು. ಮುಂದಿನದು ವೈದ್ಯರ ತಂಡದ ಕೆಲಸ.

ನಮ್ಮನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ ಒಬ್ಬ ಹೆಂಗಸು. ಅವರ ಮುಖವನ್ನು ನಾನು ಮೊದಲ ದಿನ ಪರದೆಯ ಮೇಲೆ ಕಂಡದ್ದಷ್ಟೇ. ಆಮೇಲೆ ಬರೀ ದನಿ. 'ಕೇಳಿ, ಬರೆದುಕೊಳ್ಳಿ, ಮುಂದಿನವರಿಗೆ ಹೋಗಿ. ಯಾರಿಗೂ ಏನೂ ಮಾತು ಕೊಡಬೇಡಿ' ಎಂದು ಮೊದಲ ದಿನವೇ ಹೇಳಿದ್ದರು.

ನಮ್ಮ ಮನೆ ವಡಪಳನಿಯಲ್ಲಿ, ಮುರುಗನ ಗುಡಿಯ ಹಿಂದಿನ ಓಣಿಯಲ್ಲಿ. ಮೊದಲ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಪ್ಪ ಕುಂದಾಪುರದ ಕಡೆಯವನು. ಮೀಸೆ ಮೂಡುವ ಮೊದಲೇ ಚೆನ್ನೈಗೆ ಬಂದು, ನಮ್ಮೂರಿನವರದೇ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ಅಲ್ಲೇ ಮುಖ್ಯ ಅಡುಗೆಯವನಾದ. ಲಾಕ್‌ಡೌನಿನಲ್ಲೂ ಹೋಟೆಲು ಪಾರ್ಸೆಲ್ ಕೊಡುತ್ತಿತ್ತು, ಅಪ್ಪ ಹೋಗುತ್ತಿದ್ದ. ಅವನ ಜೊತೆ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ ಬೈಂದೂರಿನವರೊಬ್ಬರನ್ನು ನಾನು ಚಿಕ್ಕಂದಿನಿಂದ ದೋಸೆ ಮಾವ ಎಂದೇ ಕರೆಯುತ್ತಿದ್ದೆ. ಏಪ್ರಿಲಿನಲ್ಲಿ ಅವರಿಗೆ ಜ್ವರ ಬಂತು. ತಾವೇ ನಡೆದು ಹೋಗಿ ಆಂಬುಲೆನ್ಸ್ ಹತ್ತಿದರು. ಆಮೇಲೆ ಫೋನ್ ಸ್ವಿಚ್ ಆಫ್ ಆಯಿತು. ಅವರ ಮುಖವನ್ನು ಹೋಟೆಲಿನವರೂ ನೋಡಲಿಲ್ಲ, ಬೈಂದೂರಿನಲ್ಲಿದ್ದ ಹೆಂಡತಿಯೂ ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನ ಅಪ್ಪ ಮನೆಗೆ ಬಂದು ಸ್ನಾನ ಮಾಡಿ ಗೋಡೆಗೆ ಒರಗಿ ಕೂತವನು, ಊಟಕ್ಕೆ ಕರೆದರೂ ಏಳಲಿಲ್ಲ.

ಇಲ್ಲಿಯವರು ಕತ್ತಿರಿ ಎನ್ನುವ ಮೇ ತಿಂಗಳ ಉರಿಬಿಸಿಲು ಶುರುವಾಗುವ ಹೊತ್ತಿಗೆ ಅಪ್ಪನಿಗೂ ಜ್ವರ ಬಂತು. ಪರೀಕ್ಷೆಯಲ್ಲಿ ಪಾಸಿಟಿವ್ ಎಂದಾಯಿತು. ಅಪ್ಪ ಒಳಕೋಣೆ ಸೇರಿದ. ಅಮ್ಮ ಮಾಸ್ಕ್ ಹಾಕಿಕೊಂಡು ಗಂಜಿ, ಬಿಸಿನೀರು, ಮಾತ್ರೆ ಒಯ್ದು ಕೊಡುತ್ತಿದ್ದಳು. ನನ್ನನ್ನು ಮಾತ್ರ ಬಾಗಿಲು ದಾಟಲು ಬಿಡಲಿಲ್ಲ.

"ನಿಂಗೂ ಬಂದ್ರೆ ನಮ್ಮನ್ನು ನೋಡುವವರು ಯಾರು? ನೀನು ನಿನ್ನ ಕೆಲಸ ಮಾಡು," ಎಂದಳು.

ಹಾಗಾಗಿ ನಾನು ಹೊರಕೋಣೆಯ ಕಿಟಕಿಯ ಹತ್ತಿರ ಕೂತು ಯಾರು ಯಾರದೋ ಅಪ್ಪಂದಿರನ್ನು ವಿಚಾರಿಸುತ್ತಿದ್ದೆ. ನನ್ನ ಅಪ್ಪನನ್ನು ವಿಚಾರಿಸಲು ಬೇರೊಬ್ಬ ಹುಡುಗಿ ಫೋನ್ ಮಾಡುತ್ತಿದ್ದಳು. ನಾನು ಕೇಳುತ್ತಿದ್ದ ಪ್ರಶ್ನೆಗಳನ್ನೇ, ನಮಗೆ ಬರೆದುಕೊಟ್ಟಿದ್ದ ಅದೇ ತಮಿಳಿನಲ್ಲಿ ಕೇಳುತ್ತಿದ್ದಳು. ಬಾಗಿಲಿನ ಆಚೆಯಿಂದ ಅಪ್ಪನ ಉತ್ತರ ಕೇಳಿಸುತ್ತಿತ್ತು.

"ತೊಂಬತ್ತೇಳು ಮ್ಮಾ. ನಲ್ಲಾ ಇರುಕ್ಕೇನ್."

ಚೆನ್ನಾಗಿದ್ದೇನೆ ಎಂಬ ಆ ಮಾತನ್ನು ಕೇಳಿ ನಾನು ನೆಮ್ಮದಿಯಿಂದ ನನ್ನ ಮುಂದಿನ ನಂಬರು ಒತ್ತುತ್ತಿದ್ದೆ. ದಿನ ಕಳೆದಂತೆ ಅಪ್ಪನ ಮಾತು ಚಿಕ್ಕದಾಯಿತು. 'ಹ್ಞೂಂ' ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಮ್ಮನನ್ನು ಕೇಳಿದರೆ, "ಸುಸ್ತು ಉಂಟು ಅಷ್ಟೇ. ಮೆಷಿನ್‌ನಲ್ಲಿ ತೊಂಬತ್ತಾರು, ತೊಂಬತ್ತೇಳು ತೋರಿಸ್ತದೆ," ಎನ್ನುತ್ತಿದ್ದಳು. ತೊಂಬತ್ತೇಳಿದ್ದವರ ಬಗ್ಗೆ ಚಿಂತಿಸಬೇಕಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದರು. ನಾನು ಚಿಂತಿಸಲಿಲ್ಲ.

ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಕಂಪ್ಯೂಟರ್ ಆರಿತು. ಫ್ಯಾನ್ ನಿಂತ ಕೂಡಲೇ ಒಳಕೋಣೆಯಿಂದ ಒಂದು ಸದ್ದು ಕೇಳಿಸಿತು, ಯಾರೋ ಭಾರ ಎಳೆಯುತ್ತಿರುವ ಹಾಗೆ. ಅದು ಉಸಿರಾಟದ ಸದ್ದು. ಅಷ್ಟು ದಿನ ಫ್ಯಾನಿನ ಗದ್ದಲ ಅದನ್ನು ಮುಚ್ಚಿಟ್ಟಿತ್ತು. ನಾನು ಬಾಗಿಲು ತಳ್ಳಿದೆ.

ಅಪ್ಪ ಗೋಡೆಗೆ ದಿಂಬು ಆನಿಸಿ ಕೂತಿದ್ದ. ಒಂದೊಂದು ಉಸಿರಿಗೂ ಅವನ ಎರಡೂ ಭುಜ ಮೇಲೇಳುತ್ತಿದ್ದವು. ತುಟಿಗೆ ಬೂದಿಯ ಬಣ್ಣ ಬಂದಿತ್ತು. ಮಂಚದ ಅಂಚಿನಲ್ಲಿ ಅಮ್ಮ ಕೂತಿದ್ದಳು. ಅವಳ ಒಂದು ಕೈಯಲ್ಲಿ ಅಪ್ಪನ ಫೋನು, ಸ್ಪೀಕರಿನಲ್ಲಿ ಆ ಹುಡುಗಿ ಆಕ್ಸಿಜನ್ ಎಷ್ಟು ಎಂದು ಕೇಳುತ್ತಿದ್ದಳು. ಇನ್ನೊಂದು ಕೈಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಅಮ್ಮ ಅದರ ಅಂಕಿಯನ್ನು ಅಪ್ಪನಿಗೆ ತೋರಿಸುತ್ತಿದ್ದಳು.

ನಾನು ಅದನ್ನು ಕಿತ್ತು ಅಪ್ಪನ ಬೆರಳಿಗೆ ಹಾಕಿದೆ. ಎಂಬತ್ತೊಂದು.

"ಎಷ್ಟು ದಿನದಿಂದ ಹೀಗೆ ಮಾಡ್ತಾ ಇದ್ದೀರಿ?"

ಅಪ್ಪ ಕೈ ಅಡ್ಡ ಮಾಡಿದ. "ನಾನೇ ಹೇಳಿದ್ದು. ಅವಳಿಗೆ ಬೈಬೇಡ," ಎಂದ. ಆಮೇಲೆ ಉಸಿರು ಕೂಡಿಸಿಕೊಂಡು, "ಅಲ್ಲಿಗಾದ್ರೆ ಒಬ್ಬನೇ ಹೋಗ್ಬೇಕು ಮಗಳೇ. ಇಲ್ಲಿ ನೀವಿಬ್ರು ಇದ್ದೀರಲ್ಲ," ಎಂದ.

ಫೋನಿನಲ್ಲಿ ಆ ಹುಡುಗಿ, "ಸಾರ್, ಲೈನ್‌ಲ ಇರುಕ್ಕೀಂಗಳಾ?" ಎಂದು, ಲೈನಿನಲ್ಲಿದ್ದೀರಾ ಎಂದು, ಕೇಳುತ್ತಲೇ ಇದ್ದಳು. ನಾನು ಫೋನ್ ಕಸಿದುಕೊಂಡು ಎಂಬತ್ತೊಂದು ಎಂದು ಹೇಳಿದೆ. ಆಮೇಲೆ ಅವಳು, ವೈದ್ಯರ ತಂಡ ನಿಮ್ಮನ್ನು ಸಂಪರ್ಕಿಸುತ್ತದೆ, ಧೈರ್ಯವಾಗಿರಿ, ಎಂದಳು. ಆ ವಾಕ್ಯ ನನಗೆ ಬಾಯಿಪಾಠ. ಅದೇ ವಾರ ಅದನ್ನು ನಾನು ಎಷ್ಟು ಜನರಿಗೆ ಹೇಳಿದ್ದೆನೋ. ಸಂಪರ್ಕಿಸುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು.

ನಮ್ಮ ಅಧಿಕಾರಿ ಮೇಡಂಗೆ ಫೋನ್ ಮಾಡಿದೆ. ಅವರು ಎತ್ತುತ್ತಾರೆಂಬ ಭರವಸೆ ಇರಲಿಲ್ಲ, ಎತ್ತಿದರು. ಹೇಳಿದ್ದನ್ನೆಲ್ಲ ಕೇಳಿ, ತಮಿಳಿನಲ್ಲಿ ಮೆಲ್ಲಗೆ ಹೇಳಿದರು: "ಯಾರಿಗೂ ಕಾಯಬೇಡಮ್ಮ. ಸಿಕ್ಕಿದ ಗಾಡಿಯಲ್ಲಿ ಕರೆದುಕೊಂಡು ಹೋಗು. ಬೆಡ್ ಕೊಡಿಸುತ್ತೇನೆ ಅಂತ ಸುಳ್ಳು ಹೇಳಲಾರೆ. ನನ್ನ ಸ್ವಂತ ತಮ್ಮ ನಿನ್ನೆಯಿಂದ ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಕೂತಿದ್ದಾನೆ."

ಆಂಬುಲೆನ್ಸ್ ಸಿಗಲಿಲ್ಲ. ಹೋಟೆಲಿನ ಧಣಿಗಳಿಗೆ ಫೋನ್ ಮಾಡಿದೆ. ಅವರು ಹೋಟೆಲಿನ ಸಾಮಾನು ತರುವ ವ್ಯಾನನ್ನು ತಾವೇ ಓಡಿಸಿಕೊಂಡು ಬಂದರು. ಅಪ್ಪ ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಲ್ಲೂ ನಿಂತ. ಅಕ್ಕಪಕ್ಕದವರು ಬಾಗಿಲು ಮುಚ್ಚಿಕೊಂಡು ಕಿಟಕಿಯಿಂದ ನೋಡಿದರು. ಅವರನ್ನು ದೂರಲಾರೆ, ಹಿಂದಿನ ವಾರ ಎದುರುಮನೆಯವರನ್ನು ಕರೆದೊಯ್ದಾಗ ನಾವೂ ಹಾಗೆಯೇ ನೋಡಿದ್ದೆವು. ವ್ಯಾನಿನಲ್ಲಿ ಖಾಲಿ ಗೋಣಿಗಳನ್ನು ಹಾಸಿ ಅಪ್ಪನನ್ನು ಕೂರಿಸಿದೆವು. ಅಮ್ಮ ಹತ್ತಲು ಬಂದಳು. "ನೀನು ಬರೋದು ಬೇಡ," ಎಂದೆ. ಆ ಮಾತನ್ನು ನಾನು ಸಿಟ್ಟಿನಿಂದಲೇ ಹೇಳಿದ್ದೆ. ಅವಳು ಕಾಲು ಹಿಂದಕ್ಕೆ ತೆಗೆದಳು.

ಸರ್ಕಾರಿ ಆಸ್ಪತ್ರೆಯ ಹೊರಗೆ ಆಂಬುಲೆನ್ಸುಗಳ ಸಾಲು ರಸ್ತೆಯ ತಿರುವಿನವರೆಗೂ ಇತ್ತು. ಒಳಗೆ ಒಬ್ಬರಿಗೆ ಜಾಗವಾದರೆ ಹೊರಗೆ ಒಂದು ಗಾಡಿ ಮುಂದಕ್ಕೆ ಸರಿಯುತ್ತಿತ್ತು. ಆಂಬುಲೆನ್ಸಿನಲ್ಲಿ ಬಂದವರಿಗೆ ಆಕ್ಸಿಜನ್ನಾದರೂ ಇತ್ತು. ನಮ್ಮ ವ್ಯಾನಿನಲ್ಲಿ ಏನೂ ಇರಲಿಲ್ಲ. ಧಣಿಗಳು ಅಪ್ಪನ ಬೆನ್ನು ಹಿಡಿದು ಕೂತರು, ನಾನು ಗಾಡಿಯಿಂದ ಗಾಡಿಗೆ ಹೋಗಿ ಬೇಡಿದೆ. ಕೆಲವರು ಕೈಮುಗಿದು ಇಲ್ಲ ಎಂದರು. ಕೆಲವರು ಕಿಟಕಿ ಏರಿಸಿಕೊಂಡರು. ಒಬ್ಬ ಹೆಂಗಸು ತನ್ನ ಗಂಡನ ಮುಖದ ಮೇಲಿನ ಮಾಸ್ಕನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು, ನಾನೆಲ್ಲಿ ಕಿತ್ತುಕೊಳ್ಳುತ್ತೇನೋ ಎಂಬಂತೆ.

ಮಧ್ಯಾಹ್ನ ತಿರುಗಿದ ಮೇಲೆ ಒಬ್ಬ ಡ್ರೈವರ್ ಹಿಂದಿನಿಂದ ಬಂದು ನನ್ನನ್ನು ಕರೆದ. ಅವನ ಗಾಡಿಯಲ್ಲಿದ್ದವರು ಆಗಷ್ಟೇ ತೀರಿಕೊಂಡಿದ್ದರು; ಸ್ಟ್ರೆಚರನ್ನು ಇಳಿಸಿ ಒಯ್ಯುತ್ತಿದ್ದರು, ಅವರ ಮಗ ಚಪ್ಪಲಿಯಿಲ್ಲದೆ ಕಾದ ಡಾಂಬರಿನ ಮೇಲೆ ಅದರ ಹಿಂದೆ ಓಡುತ್ತಿದ್ದ.

"ಸಿಲಿಂಡರ್‌ಲ ಇನ್ನುಂ ಇರುಕ್ಕು," ಎಂದ ಡ್ರೈವರ್, ನನ್ನ ಮುಖ ನೋಡದೆ. "ಅಪ್ಪಾವ ಕೂಟಿಟ್ಟು ವಾಂಗ."

ಸಿಲಿಂಡರಿನಲ್ಲಿ ಇನ್ನೂ ಇತ್ತು. ಅಪ್ಪನನ್ನು ಕರೆತಂದು, ಸತ್ತವರು ಮಲಗಿದ್ದ ಜಾಗದಲ್ಲೇ ಕೂರಿಸಿದೆವು. ಡ್ರೈವರ್ ಮಾಸ್ಕ್ ಒರೆಸಿ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ಅಪ್ಪನ ತುಟಿಗೆ ಬಣ್ಣ ಬಂತು. ಆಗ ನನಗಾದ ಸಂತೋಷವನ್ನು ನೆನೆದರೆ ಈಗಲೂ ಮೈ ಕುಗ್ಗುತ್ತದೆ.

ಸಂಜೆ ಒಳಗೆ ಹಾಸಿಗೆ ಸಿಕ್ಕಿತು. ಬಾಗಿಲಲ್ಲಿ ನನ್ನನ್ನು ತಡೆದರು. ಗಾಲಿಕುರ್ಚಿಯಲ್ಲಿದ್ದ ಅಪ್ಪ ಮಾಸ್ಕ್ ಸರಿಸಿ, "ಧಣಿಗಳಿಗೆ ಊಟ ಆಗ್ಲಿಲ್ಲ," ಎಂದ. ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು. ಕುರ್ಚಿ ತಳ್ಳುವವನು ಅವನನ್ನು ಒಳಗೆ ಒಯ್ದ.

ಮಾರನೆಯ ದಿನದಿಂದ ನಾನು ಮತ್ತೆ ಫೋನ್ ಮಾಡಲು ಕೂತೆ. ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ. ಆದರೆ ಈಗ ಯಾರಾದರೂ ತೊಂಬತ್ತೇಳು ಎಂದರೆ, ಬರೆದುಕೊಟ್ಟಿರದ ಪ್ರಶ್ನೆಯೊಂದನ್ನು ಸೇರಿಸಿ ಕೇಳುತ್ತಿದ್ದೆ: ಅದು ಯಾರ ಬೆರಳು? ಹಲವರಿಗೆ ಅರ್ಥವಾಗುತ್ತಿರಲಿಲ್ಲ. ಕೆಲವರು ನಗುತ್ತಿದ್ದರು. ಕೋಡಂಬಾಕ್ಕಂನಲ್ಲಿ ಹಿಂದೆ ಸಿನೆಮಾದವರಿಗೆ ಬಟ್ಟೆ ಹೊಲಿಯುತ್ತಿದ್ದ ಮುದುಕರೊಬ್ಬರು ದಿನವೂ ತೊಂಬತ್ತೆಂಟು ಎನ್ನುತ್ತಿದ್ದರು. ಅವರಿಗೂ ಆ ಪ್ರಶ್ನೆ ಹಾಕಿದೆ.

"ಮೊಮ್ಮಗಳದು," ಎಂದರು ತಮಿಳಿನಲ್ಲಿ.

ಅವರದೇ ಬೆರಳಿಗೆ ಹಾಕಿಸಿದೆ. ಎಂಬತ್ತೈದು. ಈಗಲೇ ಹೊರಡಿ ತಾತ, ಎಂದೆ. ಜೊತೆಗೆ ಯಾರಾದರೂ ಇರಬಹುದೇ ಎಂದು ಕೇಳಿದರು. ಬಾಗಿಲವರೆಗೆ ಇರಬಹುದು ಎಂದೆ. ಮರುದಿನ ಅವರ ಹೆಸರು ನನ್ನ ಪರದೆಯ ಮೇಲೆ ಇರಲಿಲ್ಲ. ಆಸ್ಪತ್ರೆಗೆ ಸೇರಿದವರ ಹೆಸರೂ ಅಲ್ಲಿಂದ ಹೋಗುತ್ತಿತ್ತು, ಸತ್ತವರದೂ ಹೋಗುತ್ತಿತ್ತು. ಅವರು ಏನಾದರೋ ನನಗೆ ತಿಳಿಯಲೇ ಇಲ್ಲ.

ವಾರ್ಡಿನ ನರ್ಸ್ ಒಬ್ಬರು ಪುಣ್ಯಾತ್ಮರು, ವಿಡಿಯೋ ಕರೆ ಮಾಡಿ ಅಪ್ಪನ ಮುಖ ತೋರಿಸಿದರು. ಮೂಗು ಬಾಯಿ ಮುಚ್ಚುವ ದೊಡ್ಡ ಮಾಸ್ಕು, ಮೇಲೆ ಎರಡು ಕಣ್ಣು. ಅಮ್ಮ ಫೋನಿಗೆ ಬಗ್ಗಿ, "ಇಲ್ಲಿ ಎಲ್ಲ ಸರಿ ಉಂಟು. ನೀವು ಎಂತ ಯೋಚನೆ ಮಾಡ್ಬೇಡಿ," ಎಂದು ಹೇಳಿದ್ದನ್ನೇ ಹೇಳಿದಳು. ಆ ಹೊತ್ತಿಗೆ ಅವಳಿಗೂ ಜ್ವರ ಶುರುವಾಗಿತ್ತು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯ ಕರೆ ಬಂತು. ನಾನು ಯಾರದೋ ಜ್ವರ ವಿಚಾರಿಸುತ್ತಿದ್ದೆ, ಎತ್ತಲಾಗಲಿಲ್ಲ. ಅವರು ಮತ್ತೆ ಮಾಡಿದಾಗ ಎತ್ತಿದೆ.

ಸುಡುಗಾಡಿಗೆ ನಾನು ಮತ್ತು ಧಣಿಗಳು ಹೋದೆವು. ಅಮ್ಮ ಬರುವಂತಿರಲಿಲ್ಲ. ಪ್ಲಾಸ್ಟಿಕ್ ಉಡುಪಿನೊಳಗೆ ನಾನು ಬೆವರಿನಲ್ಲಿ ನೆನೆದು ನಿಂತಿದ್ದೆ. ಮುಖ ತೋರಿಸಿ ಎಂದು ಕೇಳಿದೆ. ಝಿಪ್ಪನ್ನು ಸ್ವಲ್ಪ ಎಳೆದು ತೋರಿಸಿದರು. ಅಪ್ಪನೇ ಹೌದು. ಬೈಂದೂರಿನ ಅತ್ತೆಗೆ, ದೋಸೆ ಮಾವನ ಹೆಂಡತಿಗೆ, ಸಿಗದದ್ದು ನನಗೆ ಸಿಕ್ಕಿತು ಎಂದುಕೊಂಡೆ. ಅಳು ಬಂದದ್ದು ಮನೆಗೆ ಬಂದ ಮೇಲೆ.

ಆಮೇಲಿನ ಕೆಲವು ತಿಂಗಳು ನಾನು ಅಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳ ಜ್ವರ ಇಳಿಯುವವರೆಗೂ ಆರೈಕೆ ಮಾಡಿದೆ; ಮಾತು ಮಾತ್ರ ಇಲ್ಲ. ಅವಳು ಕನ್ನಡದಲ್ಲಿ ಕೇಳಿದರೆ ಬೇಕೆಂದೇ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಇಂಟರ್ನ್‌ಶಿಪ್ ಮುಗಿಯಿತು. ಮೇಡಂ ಪ್ರಮಾಣಪತ್ರ ಕಳಿಸಿ, ಫೋನ್ ಮಾಡಿ, ತಮ್ಮ ತಮ್ಮನೂ ಉಳಿಯಲಿಲ್ಲ ಎಂದರು. ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ, ಸಂಗ್ರಹಿಸಿದ ಮಾಹಿತಿ ಎಷ್ಟು ನಂಬಲರ್ಹ ಎಂದು ಕೇಳಿದರು. ನಂಬುವಂಥದ್ದಲ್ಲ, ಜನ ಒಂಟಿಯಾಗಿ ಸಾಯಲು ಹೆದರಿದ್ದರು, ಎಂದೆ. ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋದರು.

ಪರೀಕ್ಷೆ ಮುಗಿದ ಆ ಮಧ್ಯಾಹ್ನ ಅಮ್ಮ ಅಕ್ಕಿ ಆರಿಸುತ್ತಿದ್ದವಳು ಕೇಳಿದಳು: "ಮೊದಲೇ ಕರ್ಕೊಂಡು ಹೋಗಿದ್ರೆ ಅವರು ಉಳೀತಿದ್ರಾ?"

ಎಷ್ಟೋ ದಿನಗಳಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಉತ್ತರ ನನ್ನಲ್ಲಿತ್ತು. ಅವಳ ಮುಖ ನೋಡಿದ ಮೇಲೆ ಅದನ್ನು ಹೇಳಲಾಗಲಿಲ್ಲ.

"ಗೊತ್ತಿಲ್ಲಮ್ಮ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಮದುವೆ ಆದಲ್ಲಿಂದ ಅವರು ಹೇಳಿದ್ದಕ್ಕೆ ನಾನು ಒಮ್ಮೆಯೂ ಇಲ್ಲ ಅಂದವಳಲ್ಲ," ಎಂದಳು ಅಮ್ಮ. "ಅದೊಂದು ಸಲ ಅನ್ಬೇಕಿತ್ತು."

ನಾನು ಎದ್ದು ಹೋಗಿ ಅವಳ ಪಕ್ಕ ಕೂತೆ. ಇಬ್ಬರೂ ಸೇರಿ ಅತ್ತದ್ದು ಅವತ್ತೇ ಮೊದಲು.

ಆಡಳಿತದ ಕೆಲಸಕ್ಕೆ ನಾನು ಅರ್ಜಿಯನ್ನೇ ಹಾಕಲಿಲ್ಲ. ಈಗ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿದ್ದೇನೆ. ಅಲ್ಲಿ ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಅಮ್ಮ ಬೆಳಿಗ್ಗೆ ಹೋಟೆಲಿಗೆ ಹೋಗಿ ತರಕಾರಿ ಹೆಚ್ಚಿಕೊಟ್ಟು ಬರುತ್ತಾಳೆ. ಬೇಡ ಅಂದರೆ, "ಮನೆಯಲ್ಲಿ ಕೂತ್ರೆ ಯೋಚನೆ ಬರ್ತದೆ," ಎನ್ನುತ್ತಾಳೆ. ಪ್ರತಿವರ್ಷ ಕತ್ತಿರಿ ಬಿಸಿಲು ಬಂದು ಅಪ್ಪ ಹೋದ ದಿನ ಹತ್ತಿರವಾದಾಗ ಮಾತ್ರ ಅವಳು ಒಂದೆರಡು ದಿನ ಎಲ್ಲಿಗೂ ಹೋಗುವುದಿಲ್ಲ. ಒಳಕೋಣೆಯಲ್ಲಿ ಮಲಗಿರುತ್ತಾಳೆ. ನಾನೂ ರಜೆ ಹಾಕಿ ಮನೆಯಲ್ಲಿರುತ್ತೇನೆ. ಅನ್ನ ಸಾರು ಮಾಡಿ ಕರೆದರೆ ಎದ್ದು ಬಂದು ಉಣ್ಣುತ್ತಾಳೆ, ಮತ್ತೆ ಹೋಗಿ ಮಲಗುತ್ತಾಳೆ.